ಮಕ್ಕಳ ಬೀಗ

ಒಡೆದ ಗಾಜನ್ನು ಫೋನಿನಿಂದ ಬಿಡಿಸುವ ಕೆಲಸಕ್ಕೆ ಅವಸರ ಆಗಿಬರುವುದಿಲ್ಲ. ಬಿಸಿಗಾಳಿ ಬಿಡುತ್ತ ಅಂಟು ಮೆತ್ತಗಾಗುವವರೆಗೆ ಕಾಯಬೇಕು, ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಗಾಜಿನಡಿ ತೂರಿಸಿ ಉಸಿರು ಬಿಗಿಹಿಡಿದು ಎಳೆಯಬೇಕು. ಈ ಕೆಲಸ ಅವನಿಗಿಂತ ಅವನ ಕೈಗೇ ಚೆನ್ನಾಗಿ ಗೊತ್ತಿತ್ತು. ಇವತ್ತು ಮಾತ್ರ ಬೆಳಿಗ್ಗೆಯಿಂದ ತಂತಿ ತುಂಡಾಗುತ್ತಲೇ ಇತ್ತು, ಅಂಟು ಬೆರಳಿಗೆ ಮೆತ್ತಿಕೊಂಡು ಬಿಡಲೊಲ್ಲದು, ಉಜ್ಜಿದಷ್ಟೂ ಕಪ್ಪಗೆ ಸುರುಳಿಯಾಗಿ ಅಂಗೈ ತುಂಬ ಹರಡುತ್ತಿತ್ತು. "ಏನಯ್ಯಾ ಡಾಕ್ಟ್ರೇ, ಇವತ್ತು ರೋಗೀನ ಸಾಯಿಸ್ಲೇಬೇಕು ಅಂತ ಬಂದಿದ್ದೀಯಾ?" ಎಂದ ಮಾಲೀಕ ಗಲ್ಲಾದ ಹಿಂದಿನಿಂದ. ಡಾಕ್ಟ್ರು ಅನ್ನುವ ಹೆಸರು ಇಟ್ಟವನೂ ಅವನೇ. ಮೊದಮೊದಲು ಹಾಗೆ ಕರೆದಾಗ ಬೆನ್ನು ನೆಟ್ಟಗಾಗುತ್ತಿತ್ತು. ಓದು ಅರ್ಧಕ್ಕೆ ಬಿಟ್ಟವನನ್ನು ಡಾಕ್ಟ್ರು ಅನ್ನುವುದರಲ್ಲಿ ಇದ್ದ ಚೇಷ್ಟೆ ಅರ್ಥವಾಗಲು ಬಹಳ ದಿನ ಹಿಡಿದಿತ್ತು. ಅರ್ಥವಾದ ಮೇಲೂ ಅವನು ಓಗೊಡುವುದನ್ನು ಬಿಟ್ಟಿರಲಿಲ್ಲ. ಓಗೊಡದಿದ್ದರೆ ಏನಾದೀತು? ಏನೂ ಆಗದು. ಅದೇ ಅವನಿಗೆ ಉರಿಯುತ್ತಿದ್ದದ್ದು.

ಇವತ್ತು ಮಧ್ಯಾಹ್ನ ಅಕ್ಕ ಮನೆ ಬಿಡುತ್ತಾಳೆ. ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ಈ ಮಾತು ಅವನ ತಲೆಯೊಳಗೆ ನಲ್ಲಿಯ ಹನಿಯಂತೆ ತೊಟ್ಟಿಕ್ಕುತ್ತಿತ್ತು. ಅಂಗಡಿ ಇದ್ದದ್ದು ಸಂಕೀರ್ಣದ ನೆಲಮಾಳಿಗೆಯಲ್ಲಿ. ಮೆಟ್ಟಿಲ ಮೇಲೆ ಬೀಳುವ ಬಿಳಿ ಬೆಳಕು ಮೇಲಿನ ಮಹಡಿಯ ಕನ್ನಡಕದ ಅಂಗಡಿಯದ್ದು, ಅಂದರೆ ಭಾವನದ್ದು. ಬೆಳಿಗ್ಗೆ ಭಾವ ದೊಡ್ಡ ಖಾಲಿ ಚೀಲ ಹಿಡಿದು ಆ ಮೆಟ್ಟಿಲು ಹತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಫ್ರೇಮು ತರಲು ಸಗಟು ಪೇಟೆಗೆ ಹೋಗುವ ದಿನದ ಚೀಲ ಅದು. ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೇ. ಅಷ್ಟರೊಳಗೆ ಅಕ್ಕ ಬಸ್ಸು ಹತ್ತಿ, ಎಲ್ಲೋ ಒಂದೂರಲ್ಲಿ ಗಂಡನನ್ನು ಬಿಟ್ಟು ಬಂದ ಹೆಂಗಸರನ್ನು ಇಟ್ಟುಕೊಳ್ಳುವ ಮನೆಯೊಂದರ ಬಾಗಿಲು ತಟ್ಟಿರುತ್ತಾಳೆ. ಹೊರಡುವ ದಿನವನ್ನಷ್ಟೇ ಅಕ್ಕ ಅವನ ಕಿವಿಯಲ್ಲಿ ಹೇಳಿದ್ದಳು, ಊರು ಯಾವುದೆಂದು ಅವನೂ ಕೇಳಿರಲಿಲ್ಲ. ಆ ಮನೆಯನ್ನು ಅಕ್ಕ ತಾನೇ ಹುಡುಕಿಕೊಂಡಿದ್ದಳು, ಫೋನಿನಲ್ಲಿ, ಅವನು ಹೇಳಿಕೊಟ್ಟ ಹಾಗೆ.

ಅವನೇ ಹೇಳಿಕೊಟ್ಟದ್ದು. ಅಕ್ಕನ ಮನೆಯ ತಾರಸಿಯ ಮೇಲೆ, ಒಣಗಲು ಹಾಕಿದ ಹಾಸಿಗೆಯ ಹೊದಿಕೆಗಳ ನಡುವೆ. ಗಾಳಿಗೆ ಬಟ್ಟೆ ಬಂದು ಮುಖಕ್ಕೆ ಬಡಿಯುತ್ತಿತ್ತು, ಸೋಪಿನ ಹಸಿವಾಸನೆ, ಅಕ್ಕನ ಬಾಯಲ್ಲಿ ಕ್ಲಿಪ್ಪುಗಳಿದ್ದವು. ಅವುಗಳನ್ನು ಒಂದೊಂದಾಗಿ ತೆಗೆದು ಮುಗಿಸುವವರೆಗೆ ಅವಳು ಮಾತೆತ್ತಲಿಲ್ಲ. ಆಮೇಲೆ, "ಲೋ, ಫೋನಲ್ಲಿ ಏನಾದ್ರೂ ಹುಡುಕಿದ್ರೆ ಅವ್ರಿಗೆ ಗೊತ್ತಾಗ್ದೇ ಇರೋ ಹಾಗೆ ಮಾಡೋಕಾಗುತ್ತೇನೋ?" ಎಂದಳು. ಏನು ಹುಡುಕ್ತೀಯ ಎಂದು ಅವನು ಕೇಳಲಿಲ್ಲ. ಕೇಳದೇ ಇದ್ದದ್ದು ದೊಡ್ಡಸ್ತಿಕೆ ಎಂದು ಅವನಿಗೆ ಆಗ ಅನ್ನಿಸಿತ್ತು. ಅವಳ ಫೋನು ತೆಗೆದುಕೊಂಡು, ಬ್ರೌಸರಿನಲ್ಲಿ ಟೋಪಿ ಕನ್ನಡಕದ ಆ ಪುಟ್ಟ ಚಿತ್ರ ಒತ್ತಿ, ಕಪ್ಪು ಕಿಟಕಿ ತೆರೆದು ತೋರಿಸಿದ. "ಇದ್ರಲ್ಲಿ ನೋಡು. ಮುಗಿದ ಮೇಲೆ ಮುಚ್ಚು. ನೀರಲ್ಲಿ ಬರೆದ ಹಾಗೆ, ಗುರುತೂ ಇರಲ್ಲ. ಭಾವ ಅಲ್ಲ, ಭಾವನ ಅಪ್ಪ ಬಂದ್ರೂ ಗೊತ್ತಾಗಲ್ಲ." ಅಕ್ಕ ನಕ್ಕಿದ್ದಳು. "ಅಬ್ಬಾ, ಎಷ್ಟು ಕಲ್ತಿದ್ದೀಯೋ," ಅಂದಿದ್ದಳು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ, "ಇವನ ಮುಖ ನೋಡ್ಕೊಳ್ರೋ, ನಾಳೆ ಎಲ್ಲಿ ಗುಡಿಸ್ತಿರ್ತಾನೆ ಅಂತ ಗುರುತು ಹಿಡೀಬೇಕಲ್ಲ," ಅಂದ ದಿನ ಮನೆಗೆ ಬಂದವನು ಮತ್ತೆ ಹೋಗಿರಲಿಲ್ಲ. ಮನೆಯಲ್ಲಿ ಎಲ್ಲರೂ ಬೈದರು, ಅಕ್ಕ ಬೈಯಲಿಲ್ಲ. ತಾನೇ ಹೊದಿಸಿದ್ದ ಕಂದು ಕಾಗದದ ಹೊದಿಕೆಗಳನ್ನು ಪುಸ್ತಕಗಳಿಂದ ಒಂದೊಂದಾಗಿ ಬಿಚ್ಚಿ, ಹರಿಯದ ಹಾಗೆ ಮಡಿಚಿ ಎತ್ತಿಟ್ಟಳು, ಬೇರೆ ಯಾವುದಕ್ಕಾದರೂ ಬೇಕಾದೀತು ಎಂದು. ಅಂಥ ಅಕ್ಕ ಮೊದಲ ಸಲ ತನ್ನಿಂದ ಏನನ್ನೋ ಕಲಿತಳು ಅನ್ನುವ ಹೆಮ್ಮೆಯಲ್ಲಿ ಅವನು ತಾರಸಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದಿದ್ದ.

"ಮಕ್ಕಳ ಬೀಗ ಹಾಕ್ಕೊಡ್ತೀರಂತಲ್ಲ ಇಲ್ಲಿ?" ಎಂದಿತು ಒಂದು ದನಿ. ತೋಳು ಮಡಿಚಿದ ಅಂಗಿಯ ಗಿರಾಕಿ, ಕೈಯಲ್ಲಿ ಎರಡು ಫೋನು. ಒಂದಕ್ಕೆ ಹೂವಿನ ಕವಚ.

ಮಾಲೀಕ ನಗು ತುಟಿಗೆ ತಾರದೆ, "ಮಗು ಎಷ್ಟನೇ ಕ್ಲಾಸು?" ಎಂದ.

"ಎಲ್ಲಾ ಕ್ಲಾಸೂ ಮುಗಿಸಿದೆ ಮಗು. ನನ್ ಜೊತೆ ಮದುವೆನೂ ಆಗಿದೆ."

ಇಬ್ಬರೂ ನಕ್ಕರು. ಡಾಕ್ಟ್ರೂ ನಕ್ಕ. ನಗುವುದು ಅಂಗಡಿಯ ರಿವಾಜು. ಮಕ್ಕಳ ಬೀಗ ಅನ್ನುವುದು ಅಂಗಡಿಯೇ ಇಟ್ಟುಕೊಂಡ ಮರ್ಯಾದೆಯ ಹೆಸರು. ಯಾರದೋ ಫೋನಿನೊಳಗೆ ಕಣ್ಣಿಗೆ ಬೀಳದಂತೆ ಕೂತು, ಅಲ್ಲಿಯದ್ದನ್ನೆಲ್ಲ ಇನ್ನೊಬ್ಬರ ಫೋನಿಗೆ ದಾಟಿಸುತ್ತಿರುವ ವಸ್ತು ಅದು. ಮಕ್ಕಳಿಗೆಂದು ಹಾಕಿಸಿಕೊಂಡು ಹೋದವರು ಬೆರಳೆಣಿಕೆಯಷ್ಟು ಮಂದಿ. ಬರುವವರು ಹೆಚ್ಚಾಗಿ ಗಂಡಂದಿರು, ಅಪರೂಪಕ್ಕೊಬ್ಬ ಅಣ್ಣ, ಒಬ್ಬಳು ಅತ್ತೆ. ಮಾಲೀಕನದ್ದು ಒಂದೇ ಕಟ್ಟಪ್ಪಣೆ: ಯಾರ ಫೋನು ಅಂತ ಕೇಳಬಾರದು. "ಗಡಿಯಾರ ರಿಪೇರಿ ಮಾಡೋನು ನಿಮ್ದು ಒಳ್ಳೇ ಟೈಮಾ, ಕೆಟ್ಟ ಟೈಮಾ ಅಂತ ಕೇಳ್ತಾನೇನೋ?" ಅನ್ನುತ್ತಿದ್ದ. ಡಾಕ್ಟ್ರು ಕೇಳಿದವನಲ್ಲ. ಆದರೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಬೀಗ ಹಾಕಿದ ಪ್ರತಿ ಫೋನಿನಲ್ಲಿ ಸಿಮ್ ಕೂರುವ ಟ್ರೇಯನ್ನು ಪಿನ್ನು ಚುಚ್ಚಿ ಎಳೆದು, ಅದರ ಒಳಬದಿಗೆ ಹಸಿರು ಉಗುರುಬಣ್ಣದ ಸಾಸಿವೆಯಷ್ಟು ಚುಕ್ಕೆ ಇಡುತ್ತಿದ್ದ. ಒಮ್ಮೆ ರಿಪೇರಿಗೆ ಬಂದ ಫೋನೊಂದನ್ನು ಪೂರ್ತಿ ಅಳಿಸಿ ಕೊಟ್ಟು, ಒಳಗಿದ್ದ ಬೀಗವೂ ಹೋಗಿ, ಅದನ್ನು ಹಾಕಿಸಿದ್ದ ಗಂಡ ಬಂದು ಅಂಗಡಿ ಮುಂದೆ ರಂಪ ಮಾಡಿದ್ದ. ಅಂದಿನಿಂದ ಈ ಚುಕ್ಕೆ. ಚುಕ್ಕೆ ಕಂಡರೆ ಒಳಗಿನದ್ದನ್ನು ಮುಟ್ಟಬಾರದು ಅಂತ. "ತಲೆ ಇದೆ ಕಣೋ ನಿಂಗೆ," ಅಂದಿದ್ದ ಮಾಲೀಕ. ಆ ಮಾತನ್ನು ಇಡೀ ದಿನ ಬಾಯಲ್ಲಿಟ್ಟು ಚೀಪಿದ್ದ ಅವನು.

ಹೂವಿನ ಕವಚ ಕಳಚಿ ಬೀಗ ಕೂರಿಸುವಾಗ ಗಿರಾಕಿ ಗಾಜಿನ ಮೇಲೆ ಮೊಣಕೈಯೂರಿ ಬಗ್ಗಿದ. "ನಮ್ಮನೆಯವಳು ಜಾಣೆ ಕಣಪ್ಪ. ಅದೇನೋ ಕಪ್ಪು ಕಿಟಕಿ ಇದೆಯಲ್ಲ, ಟೋಪಿ ಕನ್ನಡಕದ್ದು, ಅದ್ರಲ್ಲೇ ನೋಡೋದು. ಆಮೇಲೆ ತೆಗೆದು ನೋಡಿದ್ರೆ ಒಂದೂ ಇರಲ್ಲ. ಅದೂ ಸಿಗುತ್ತಾ ಇದ್ರಲ್ಲಿ?"

"ಅದು ಸಿಗಲ್ಲ ಸಾರ್." ಉತ್ತರ ಅವನ ಬಾಯಿಂದ ತಾನಾಗಿ ಬಂತು. ಕಂಡರಿಯದ ಹೆಂಗಸೊಬ್ಬಳನ್ನು ತನ್ನ ಬೆನ್ನ ಹಿಂದೆ ಅಡಗಿಸಿಕೊಂಡಂಥ ಒಂದು ಸಣ್ಣ ಸುಖವೂ ಅದರಲ್ಲಿತ್ತು. "ಮುಚ್ಚಿದ್ರೆ ಮುಗೀತು. ಏನೂ ಉಳಿಯಲ್ಲ."

"ಮತ್ತೆ ಇದನ್ನ ಹಾಕಿಸ್ಕೊಂಡು ನಾನೇನು ಪೂಜೆ ಮಾಡ್ಲಾ?"

ಮಾಲೀಕ ಕುರ್ಚಿಯಿಂದ ಎದ್ದೇ ಬಂದ. "ಯಾರೋ ನಿಂಗೆ ಹೇಳಿದ್ದು ಸಿಗಲ್ಲ ಅಂತ? ಗಿರಾಕಿ ಮುಂದೆ ನಿನ್ನ ಡಾಕ್ಟರಿಕೆ ಬಿಚ್ಚಬೇಡ. ತೆರಿ ಆ ಕಿಟಕಿ. ಏನಾದ್ರೂ ಬರಿ."

ತೆರೆದ. ಏನು ಬರೆಯುವುದು? ಬೆರಳಿಗೆ ಮೊದಲು ಸಿಕ್ಕಿದ್ದನ್ನು ಬರೆದ. ಅಕ್ಕ. ಬರೆದು, ಕಿಟಕಿ ಮುಚ್ಚಿದ. ಹಿಂದೆ ನೋಡಿದ್ದರ ಪಟ್ಟಿ ತೆಗೆದ. ಖಾಲಿ, ಒಗೆದಿಟ್ಟ ಹಾಗೆ ಖಾಲಿ. ಅವನು ತಲೆಯೆತ್ತಿ ಇನ್ನೇನು ಮಾತಾಡಬೇಕು, ಅಷ್ಟರಲ್ಲಿ ಗಿರಾಕಿಯ ಕೈಯಲ್ಲಿದ್ದ ಇನ್ನೊಂದು ಫೋನು ಹೊಟ್ಟೆ ನೊಂದಂತೆ ಸಣ್ಣಗೆ ಗುರುಗುಟ್ಟಿತು. ಗಿರಾಕಿ ಅದನ್ನು ಅವನ ಮುಖಕ್ಕೆ ಹಿಡಿದ. ಅದರಲ್ಲಿ ಎರಡೇ ಅಕ್ಷರ ಇದ್ದವು. ಅಕ್ಕ.

"ಕಿಟಕಿ ಮರೀಬಹುದು ಕಣೋ," ಎಂದ ಮಾಲೀಕ, ಗಿರಾಕಿಗೆ ಕೇಳುವಂತೆ. "ಬೀಗ ಕೂತಿರೋದು ಕಿಟಕೀಲಲ್ಲ, ಕೀಬೋರ್ಡಲ್ಲಿ. ಬೆರಳು ಒತ್ತಿದ್ಯೋ, ಅಲ್ಲೇ ಸಿಕ್ಕೊಂಡೆ. ಕಿಟಕಿ ಕಪ್ಪಾದ್ರೇನು, ಬಿಳಿ ಆದ್ರೇನು." ಗಿರಾಕಿ ಸಂತೋಷದಿಂದ ತೊಡೆ ತಟ್ಟಿಕೊಂಡ. "ನಿಮ್ ಹುಡುಗನಿಗೆ ಅಕ್ಕ ಅಂದ್ರೆ ಪ್ರೀತಿ ಅನ್ಸುತ್ತೆ," ಎಂದ.

ಡಾಕ್ಟ್ರು ಕಿಟಕಿಯನ್ನು ಮತ್ತೆ ತೆರೆದ. ಅದು ತೆರೆದ ಕೂಡಲೇ ಬರುವ ಪುಟವನ್ನು ಅವನು ಎಷ್ಟು ಸಲ ನೋಡಿದ್ದನೋ, ಒಮ್ಮೆಯೂ ಓದಿರಲಿಲ್ಲ. ಸಾಲುಸಾಲಾಗಿ ಬರೆದದ್ದು ಏನೇ ಇದ್ದರೂ ಅದು ತನ್ನಂಥವರಿಗೆ ಅಲ್ಲವೆಂದು ಬೆಂಚಿನ ಮೇಲೆ ನಿಂತ ದಿನವೇ ಅವನ ಕಣ್ಣು ತೀರ್ಮಾನಿಸಿಬಿಟ್ಟಿತ್ತು. ಈಗ ಓದಿದ, ತುಟಿ ಅಲ್ಲಾಡಿಸುತ್ತ. ಅಚ್ಚಗನ್ನಡದಲ್ಲೇ ಇತ್ತು. ಈ ಫೋನನ್ನು ಬಳಸುವ ಬೇರೆಯವರಿಗೆ ನೀವು ನೋಡಿದ್ದು ಕಾಣುವುದಿಲ್ಲ ಎಂದು ಮೇಲೆ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಕೆಳಗೆ, ಇಳಿಸಿಕೊಂಡದ್ದು ಹಾಗೇ ಉಳಿಯುತ್ತದೆ ಎಂದು. ಇನ್ನೂ ಕೆಳಗೆ, ಆದರೂ ಯಾರಿಗೆಲ್ಲ ಕಾಣಬಹುದು ಎಂದು: ನೀವು ಹೋದ ಜಾಗದವರಿಗೆ, ಕೆಲಸ ಕೊಟ್ಟವರಿಗೆ, ಶಾಲೆಯವರಿಗೆ, ಇಂಟರ್‌ನೆಟ್ ಕೊಡುವವರಿಗೆ. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಮಕ್ಕಳ ಬೀಗದ ಮಾತು ಮಾತ್ರ ಅಲ್ಲಿರಲಿಲ್ಲ. ಆ ಸಾಲನ್ನು ಬರೆಯಬೇಕಾದವನು ಅವನೇ ಆಗಿದ್ದ.

ಭಾವ ಅಕ್ಕನಿಗೆ ಆ ಫೋನು ತಂದುಕೊಟ್ಟದ್ದು ಯಾವಾಗ? ಹಳೆಯದು ಬಿದ್ದು ಒಡೆದಿತ್ತು, ಅಥವಾ ಒಡೆಯಲಾಗಿತ್ತು. ಹೊಸದು ಕಡುನೀಲಿ ಬಣ್ಣದ್ದು. ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ಕು ಮೊದಲೇ ಹರಿದಿತ್ತು ಎಂದು ಅಕ್ಕ ತಮಾಷೆಗೆ ಹೇಳಿದ್ದು ಈಗ ಕಿವಿಯಲ್ಲಿ ಬಂದು ಕೂತಿತು. ಆ ದಿನಗಳಲ್ಲಿ ಮಾಲೀಕ ಒಂದು ರಾಶಿ ಫೋನು ತಂದು ಅವನ ಮುಂದೆ ಸುರಿದಿದ್ದ, ಎಲ್ಲದಕ್ಕೂ ಬೀಗ ಹಾಕು ಎಂದು. ಅದರಲ್ಲಿ ಕಡುನೀಲಿ ಇತ್ತೇ? ಕಪ್ಪು ನೆನಪಾಗುತ್ತಿತ್ತು, ಬಂಗಾರದ ಬಣ್ಣದ್ದು ನೆನಪಾಗುತ್ತಿತ್ತು, ನೀಲಿಯ ಜಾಗಕ್ಕೆ ಬಂದಾಗ ನೆನಪು ಮುಖ ತಿರುವಿಕೊಳ್ಳುತ್ತಿತ್ತು. ಇರಲಿಲ್ಲ ಅನ್ನಿಸಿದ ಕ್ಷಣವೇ, ತಾನು ಅದರ ಟ್ರೇ ಎಳೆದು ಚುಕ್ಕೆ ಇಟ್ಟು ಬಾಯಿಂದ ಉಫ್ ಎಂದು ಆರಿಸಿದ್ದೂ ಕಂಡಂತಾಗುತ್ತಿತ್ತು. ಮಕ್ಕಳಿಲ್ಲದ ಮನೆಗೆ ಮಕ್ಕಳ ಬೀಗ. ತಾರಸಿಯಲ್ಲಿ ಆ ಫೋನು ಅವನ ಕೈಯಲ್ಲೇ ಇತ್ತಲ್ಲ! ಪಿನ್ನು ಜೇಬಿನಲ್ಲೇ ಇತ್ತಲ್ಲ! ಆಗ ಒಮ್ಮೆ ಟ್ರೇ ಎಳೆದು ನೋಡಿದ್ದರೆ? ಆದರೆ ಯಾಕೆ ನೋಡುತ್ತಾನೆ, ಬೀಗ ಹಾಕುವುದೆಲ್ಲ ಬೇರೆ ಯಾರದೋ ಮನೆಯ ಹೆಂಗಸರಿಗೆ, ಅವರಿಗೆಲ್ಲ ತಮ್ಮಂದಿರೇ ಇರುವುದಿಲ್ಲ.

ಫೋನು ಮಾಡಿ ಹೇಳೋಣವೆಂದು ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಅಕ್ಕನಿಗೆ ಏನೇ ಕಳಿಸಿದರೂ ಅದು ಮೊದಲು ತಲುಪುವುದು ಭಾವನಿಗೆ. ಹುಷಾರು ಎಂದು ಬರೆದರೆ ಆ ಹುಷಾರನ್ನೂ ಭಾವ ಓದುತ್ತಾನೆ. ಹಾಗೆ ದಾರಿ ಕಟ್ಟಿದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆ ಹೊತ್ತಿನಲ್ಲೂ ಅವನಿಗೆ ತನ್ನ ಕೆಲಸದ ಬಗ್ಗೆ ಒಂದು ಎಳೆ ಮೆಚ್ಚುಗೆ ಮೂಡಿತು. ಮೂಡಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಮೆಟ್ಟಿಲು ಹತ್ತಿ ಓಡಿದ. ಭಾವನ ಅಂಗಡಿಯಲ್ಲಿ ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು. ಕೆಲಸದ ಹುಡುಗಿ ಒಬ್ಬ ಮುದುಕನಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದಳು. "ಭಾವ ಎಲ್ಲಿ?" ಎಂದದ್ದಕ್ಕೆ, "ಸರ್ ಆಗ್ಲೇ ಮನೆಗೆ ಹೋದ್ರಲ್ಲ, ಮನೇಲಿ ಯಾರೋ ಹೊರಡೋರಿದ್ದಾರೆ, ಕಳಿಸ್ಕೊಡಬೇಕು ಅಂದ್ರು," ಎಂದಳು. ಖಾಲಿ ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಮುದುಕ ಕೊನೆಯ ಸಾಲಿನಲ್ಲಿ ತಡವರಿಸುತ್ತ, "ಇದು ಕಾಣ್ತಿಲ್ಲಮ್ಮ," ಅಂದ. ಯಾರಿಗೋ ಹೇಳಿದ್ದು ಅವನ ಎದೆಗೆ ಬಂದು ಬಡಿಯಿತು.

ಮತ್ತೆ ಕೆಳಗಿಳಿದು ಬಂದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಆ ರಾಶಿಯಲ್ಲಿ ನೀಲಿ ಇರಲಿಲ್ಲ ಎಂದು ಯಾರಾದರೂ ಹೇಳಲಿ ಎಂದಿರಬೇಕು. "ಅಣ್ಣ, ಅವತ್ತಿನ ರಾಶಿಯಲ್ಲಿ ನಮ್ ಭಾವಂದು ಇತ್ತಾ? ಕಡುನೀಲಿ?"

ಮಾಲೀಕ ಗಲ್ಲಾದ ಮೇಲಿನ ಧೂಳನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆದ. "ಯಾರದ್ದು ಅಂತ ಕೇಳಬಾರ್ದು ಅಂತ ಹೇಳಿದ್ದೀನಿ."

"ಇತ್ತಾ ಅಣ್ಣ?"

"ನಿನ್ನನ್ನ ಇಲ್ಲಿಗೆ ಸೇರಿಸಿದ್ದು ಯಾರೋ? ಆ ಮನುಷ್ಯ ಬಂದು, ಓದಿಲ್ಲ ಆದ್ರೆ ಕೈ ಚುರುಕು, ನೋಡ್ಕೊಳ್ಳಿ ಅಂದ. ಸೇರಿಸ್ಕೊಂಡೆ. ಅವನು ಒಂದು ಕೇಳಿದ, ಮಾಡ್ಕೊಟ್ಟೆ. ಇಷ್ಟೇ ಪ್ರಪಂಚ. ಈ ಹೊತ್ತಲ್ಲಿ ಕೆಲಸ ಬಿಟ್ಟು ಮೆಟ್ಟಿಲು ಹತ್ತಿದ್ರೆ ಮತ್ತೆ ಇಳಿಯೋದೇನೂ ಬೇಡ."

ಹತ್ತಿದ. ಬೀದಿಯಲ್ಲಿ ಎಲ್ಲರ ಕೈಯಲ್ಲೂ ಫೋನು, ಬಸ್ಸು ಕಾಯುವವಳು, ತರಕಾರಿ ತೂಗುವವಳು, ಮಗುವನ್ನು ಸೊಂಟಕ್ಕೇರಿಸಿಕೊಂಡು ಒಂದೇ ಹೆಬ್ಬೆರಳಲ್ಲಿ ಒತ್ತುತ್ತ ನಡೆಯುವವಳು. ಎಷ್ಟು ಟ್ರೇಗಳಲ್ಲಿ ತನ್ನ ಹಸಿರು ಇದೆಯೋ. ಓಡುತ್ತಿದ್ದವನಿಗೆ ಅಕ್ಕನ ಮುಂಗೈ ಕಣ್ಣಿಗೆ ಕಟ್ಟಿತು. ಒಂದು ಭಾನುವಾರ ಊಟಕ್ಕೆ ಹೋದಾಗ ಅದರ ಮೇಲೆ ಕೆಂಪಗೆ ಒಂದು ಗಾಯ, ದೋಣಿಯ ಮೂತಿಯ ಆಕಾರದ್ದು. "ಆವಿ ತಾಗ್ತು ಕಣೋ," ಎಂದಳು ಅಕ್ಕ. ಆವಿಗೆ ಮೂತಿ ಇರುವುದಿಲ್ಲ. ಇಸ್ತ್ರಿ ಪೆಟ್ಟಿಗೆಗೆ ಇರುತ್ತದೆ. ಭಾವ ಎದುರಿಗೆ ಕೂತು, ದನಿ ಎತ್ತದ ಮನುಷ್ಯ, ಹೊರಗಿನವರನ್ನೆಲ್ಲ ಬಹುವಚನದಲ್ಲಿ ಮಾತಾಡಿಸುವ ಮನುಷ್ಯ, ಮೆತ್ತನೆಯ ಬಟ್ಟೆಯಿಂದ ಕನ್ನಡಕ ಒರೆಸುತ್ತ, "ಎಷ್ಟು ಹೇಳಿದ್ರೂ ನಿಮ್ಮಕ್ಕ ಹುಷಾರಾಗಿರಲ್ಲ ನೋಡು," ಅಂದಿದ್ದ. ಅವನು ಹೂಂ ಎಂದಿದ್ದ. ಹೂಂ ಎಂದು ಲೋಟದಲ್ಲಿ ಉಳಿದಿದ್ದ ಟೀ ಕುಡಿದಿದ್ದ. ಆ ಹೂಂ ಇನ್ನೂ ಗಂಟಲಲ್ಲೇ ಇತ್ತು, ಓಡಿದಷ್ಟೂ ಕುಲುಕಾಡುತ್ತಿತ್ತು.

ಅಕ್ಕನ ಮನೆ, ಮೂರನೇ ಮಹಡಿ. ಗಂಟೆ ಒತ್ತುವ ಮೊದಲೇ ಒಳಗೆ ಬೀಗದ ಕೈ ತಿರುಗಿದ ಸದ್ದಾಯಿತು. "ಬಾ ಬಾ," ಎಂದ ಭಾವ. "ಅಷ್ಟು ಯಾಕೆ ಉಸಿರುಬಿಡ್ತಾ ಇದ್ದೀಯ? ಕೂತ್ಕೋ. ಹೇಳಿಕಳಿಸಬೇಕು ಅಂತಿದ್ದೆ, ನೀನೇ ಬಂದೆ." ಬೀಗ ಮತ್ತೆ ತಿರುಗಿತು, ಬೀಗದ ಕೈ ಭಾವನ ಜೇಬಿಗೆ ಹೋಯಿತು. ಅಕ್ಕ ಮೇಜಿನ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ಹೊರಗೆ ಹೋಗುವಾಗಿನ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಕಾಲಲ್ಲಿ ಚಪ್ಪಲಿ ಇಲ್ಲ. ಒಳಕೋಣೆಯ ಮಂಚದ ಮೇಲೆ ಚೀಲವೊಂದು ಬಾಯಿ ತೆರೆದು ಮಗುಚಿತ್ತು. ಅದರಲ್ಲಿದ್ದ ಬಟ್ಟೆಗಳನ್ನು ಯಾರೋ ನೀಟಾಗಿ ಮಡಿಚಿ ಬೀರುವಿನೊಳಗೆ ವಾಪಸು ಜೋಡಿಸಿದ್ದರು. ಅಕ್ಕನ ಮಡಿಕೆ ಅಲ್ಲ ಅದು, ಅಂಗಡಿಯವರ ಮಡಿಕೆ.

"ನಿಮ್ಮಕ್ಕ ಊರಿಗೆ ಹೋಗೋಳಿದ್ಲು," ಎಂದ ಭಾವ, ಪಕ್ಕದ ಮನೆಯ ಸುದ್ದಿ ಹೇಳುವಂತೆ. "ಎಲ್ಲಿಗೆ, ಯಾವ ಬೀದಿ, ಯಾವ ಬಸ್ಸು, ಎಲ್ಲಾ ಹುಡುಕಿಟ್ಕೊಂಡಿದ್ಲು ಪಾಪ. ನಾನೂ ಇವತ್ತಿನವರೆಗೆ ಸುಮ್ನಿದ್ದೆ. ಮನಸ್ಸು ಬದಲಾಯಿಸ್ತಾಳೇನೋ ಅಂತ. ಕಾದೆ. ಸೀರೆ ಉಟ್ಕೊಳ್ಳೋವರೆಗೂ ಕಾದೆ."

ಅಕ್ಕ ಅವನತ್ತ ನೋಡಲಿಲ್ಲ. ಮೇಜಿನ ಮೇಲೆ ಒಣಗಿದ ನೀರಿನ ಉಂಗುರವೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಈ ನಂಬರಿಗೆ ಅಲ್ಲಿಯವರು ಫೋನ್ ಮಾಡ್ತಿದ್ದಾರೆ. ಸುಮ್ನೆ ತೊಂದ್ರೆ. ಬೇರೆ ಸಿಮ್ ತಂದಿದ್ದೀನಿ, ಹಾಕ್ಕೊಡು. ಕಸುಬುದಾರನನ್ನ ಮನೇಲಿಟ್ಕೊಂಡು ಹೊರಗೆ ಯಾಕೆ ಹೋಗೋದು?" ಭಾವ ಕಡುನೀಲಿ ಫೋನನ್ನು ಒರೆಸಿ ಅವನ ಅಂಗೈಯಲ್ಲಿಟ್ಟ.

ಜೇಬಿನಿಂದ ಪಿನ್ನು ಬಂತು. ಒಲ್ಲೆ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೈ ತೂತು ಹುಡುಕಿ ಒತ್ತಿಯಾಗಿತ್ತು. ಕೈಗೆ ಅವನ ಅಪ್ಪಣೆ ಬೇಕಿರಲಿಲ್ಲ. ಟ್ರೇ ನಾಲಗೆಯಂತೆ ಹೊರಚಾಚಿತು. ಇರದಿರಲಿ ಎಂದುಕೊಂಡ. ಬೇರೆ ಯಾರೋ ಹಾಕಿದ್ದಾಗಿರಲಿ, ಬೇರೆ ಅಂಗಡಿ, ಬೇರೆ ಊರು. ಎಳೆದು ತಿರುವಿದ. ಒಳಬದಿಗೆ, ತುಸು ಒರೆಸಿಹೋಗಿದ್ದರೂ, ಸಾಸಿವೆಯಷ್ಟು ಹಸಿರು.

ತಲೆಯೆತ್ತಿದಾಗ ಅಕ್ಕ ಅವನ ಮುಖ ನೋಡುತ್ತಿದ್ದಳು. ಚಿಕ್ಕಂದಿನಿಂದ ಓದಿದ ಮುಖ, ಅವಳಿಗೆ ಕಿಟಕಿಯೂ ಬೇಕಿರಲಿಲ್ಲ.

"ಅದೇನೋ ಹಸಿರು?"

ಅವನು ಹೆಬ್ಬೆರಳಿನಿಂದ ಚುಕ್ಕೆ ಮುಚ್ಚಿದ.

"ಅವನ ಸಹಿ," ಎಂದ ಭಾವ. "ಒಳ್ಳೇ ಕೆಲಸಗಾರರು ಗುರುತು ಇಟ್ಟೇ ಇಡ್ತಾರೆ. ಅವರ ಮಾಲೀಕರು ಹೇಳ್ತಿದ್ರು. ಒಂದಕ್ಷರ ಬಿಟ್ಟುಹೋಗಿಲ್ಲ ನೋಡು, ಅಷ್ಟು ಚೊಕ್ಕ ಕೆಲಸ."

"ನಂಗೆ ಗೊತ್ತಿರ್ಲಿಲ್ಲ ಅಕ್ಕ. ಆಣೆಗೂ ಗೊತ್ತಿರ್ಲಿಲ್ಲ."

"ಯಾರದ್ದು ಅಂತ ಗೊತ್ತಿರ್ಲಿಲ್ಲ," ಎಂದಳು ಅಕ್ಕ, ಬೈಯದೆ, ಅಂದು ಪುಸ್ತಕಗಳ ಹೊದಿಕೆ ಬಿಚ್ಚಿದಷ್ಟೇ ನಿಧಾನವಾಗಿ. "ಅಷ್ಟೇ ತಾನೇ ಗೊತ್ತಿರ್ಲಿಲ್ಲ?"

ಟ್ರೇಯಲ್ಲಿ ಹೊಸ ಸಿಮ್ ಕೂತಿತು, ಟ್ರೇ ಒಳಗೆ ಹೋಗಿ ಟಕ್ ಎಂದಿತು. ಅದನ್ನು ಮಾಡಿದ್ದು ತಾನೇ ಎಂದು ಆ ಸದ್ದಾದ ಮೇಲೆಯೇ ಅವನಿಗೆ ತಿಳಿದದ್ದು. ಭಾವ ಫೋನು ತೆಗೆದುಕೊಂಡು ಅವನ ಭುಜ ತಟ್ಟಿದ, ಬೀಗ ತೆಗೆದ. "ನೀನಿನ್ನು ಹೊರಡು. ಗಂಡ ಹೆಂಡ್ತಿ ಸ್ವಲ್ಪ ಮಾತಾಡ್ಬೇಕು. ಬಾಗಿಲು ಎಳ್ಕೊಂಡು ಹೋಗು." ಒಳಗೆಲ್ಲೋ ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುವ ವಾಸನೆ ಬಂತು. ಬಂತೋ, ಅವನ ಮೂಗೇ ಹುಟ್ಟಿಸಿಕೊಂಡಿತೋ. ಅವನು ಹೊರಗೆ ಬಂದ. ಬಾಗಿಲು ಎಳೆದುಕೊಂಡ.

ಎಳೆದುಕೊಂಡ ಮೇಲೆ ಆ ಹಿಡಿಯ ತಣ್ಣಗಿನ ಹಿತ್ತಾಳೆ ಕೈಯಲ್ಲೇ ಉಳಿಯಿತು. ಹೇಳಿದ್ದನ್ನು ಮಾಡಿದ್ದ. ಹಾಕು ಅಂದರೆ ಹಾಕಿದ್ದ, ನಗು ಅಂದರೆ ನಕ್ಕಿದ್ದ, ಎಳ್ಕೋ ಅಂದರೆ ಎಳೆದುಕೊಂಡಿದ್ದ. ಓಣಿಯಲ್ಲಿ ಎದುರುಬದುರು ಮುಚ್ಚಿದ ಬಾಗಿಲುಗಳು, ಪ್ರತಿಯೊಂದರ ನಡುವೆಯೂ ಕಣ್ಣಿಡಲು ಒಂದು ಸಣ್ಣ ಗಾಜು. ಈ ಬಾಗಿಲುಗಳ ಹಿಂದಿನವರಿಗೆಲ್ಲ ಗೊತ್ತಿತ್ತು, ಗೋಡೆಗಳು ಅಷ್ಟೇನೂ ದಪ್ಪ ಇರಲಿಲ್ಲ. ಗೊತ್ತಿದ್ದೂ ಎಲ್ಲರೂ ಹೂಂ ಎಂದು ಟೀ ಕುಡಿದವರೇ. ಹಿಡಿ ಬಿಟ್ಟು ಅವನು ಕೂಗಿದ.

"ಬನ್ರೀ! ಎಲ್ಲಾ ಬನ್ರೀ! ಬಂದು ನೋಡ್ರೀ! ತೂತಲ್ಲಿ ಯಾಕ್ರೀ ನೋಡ್ತೀರ, ಬಾಗಿಲು ತೆಗೆದು ನೋಡ್ರೀ!" ಎರಡೂ ಮುಷ್ಟಿಯಿಂದ ಭಾವನ ಬಾಗಿಲು ಗುದ್ದಿದ, ಎದುರು ಬಾಗಿಲು ಗುದ್ದಿದ, ಪಕ್ಕದ್ದು ಗುದ್ದಿದ. "ನಮ್ಮಕ್ಕನ್ನ ಒಳಗೆ ಹಾಕಿದ್ದಾನೆ! ಇಸ್ತ್ರಿ ಪೆಟ್ಟಿಗೇಲಿ ಸುಡ್ತಾನೆ! ನೋಡ್ರೀ ದೊಡ್ಡ ಮನುಷ್ಯನ್ನ, ಊರಿಗೆಲ್ಲ ಕನ್ನಡಕ ಹಾಕ್ತಾನಲ್ಲ, ಹಾಕ್ಕೊಂಡಾದ್ರೂ ಬಂದು ನೋಡ್ರೀ!" ಒಂದು ಬಾಗಿಲು ಸರಪಳಿಯಷ್ಟು ತೆರೆಯಿತು. ಇನ್ನೊಂದು. ಮೇಲಿನ ಮಹಡಿಯ ಕಂಬಿಗಳ ನಡುವೆ ತಲೆಗಳು ಇಣುಕಿದವು. "ಏನಯ್ಯಾ ಗಲಾಟೆ, ಮಲಗಿರೋರಿದ್ದಾರೆ," ಎಂದಿತು ಒಂದು ಸರಪಳಿ. ಯಾರೂ ಹೊರಗೆ ಬರಲಿಲ್ಲ. ಆದರೆ ಎಲ್ಲರೂ ನೋಡುತ್ತಿದ್ದರು.

ಭಾವ ಬಾಗಿಲು ತೆರೆದ. ತೆರೆಯಲೇಬೇಕಿತ್ತು, ಅವನ ಗಿರಾಕಿಗಳು ಅವರೆಲ್ಲ. ಹೊಸ್ತಿಲಲ್ಲಿ ನಿಂತು ಸುತ್ತ ಒಂದು ನಗು ಹಂಚಿದ. "ಕ್ಷಮಿಸಿ, ನಮ್ಮ ಭಾಮೈದ. ಮೈ ಸರಿಯಿಲ್ಲ ಹುಡುಗನಿಗೆ. ಕೆಲಸ ಹೋಯ್ತಂತೆ."

ಆ ನಗು ಎಲ್ಲ ಬಾಗಿಲುಗಳಿಗೂ ತಲುಪಿ ಮುಗಿಯುವಷ್ಟರಲ್ಲಿ, ಭಾವನ ತೋಳು ಮತ್ತು ಚೌಕಟ್ಟಿನ ನಡುವಿನ ಸಂದಿಯಲ್ಲಿ ಅಕ್ಕ ಕಾಣಿಸಿಕೊಂಡಳು. ಚೀಲ ಇಲ್ಲ, ಚಪ್ಪಲಿ ಇಲ್ಲ, ಫೋನು ಇಲ್ಲ. ಬಸ್ಸಿನಲ್ಲಿ ಇಳಿಯುವವರು ಪಕ್ಕದವರನ್ನು ಸರಿಸುವಂತೆ ಗಂಡನ ತೋಳನ್ನು ಸರಿಸಿದಳು. ಅಷ್ಟೊಂದು ಕಣ್ಣುಗಳ ಮುಂದೆ ಆ ತೋಳಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಭಾವನ ನಗು ಮುಖದ ಮೇಲೆ ಹಾಗೇ ಇತ್ತು. "ಎಲ್ಲಿಗೆ?" ಎಂದ ಮೆಲ್ಲಗೆ. "ಆ ಜಾಗ ನಂಗೊತ್ತಲ್ಲ."

"ಅಲ್ಲಿಗಲ್ಲ," ಎಂದಳು ಅಕ್ಕ.

ಮೆಟ್ಟಿಲ ತುದಿಯಲ್ಲಿ ಅವನು ಕೈ ಚಾಚಿದ. "ಅಕ್ಕ, ನಾನೂ ಬರ್ತೀನಿ. ಎಲ್ಲಿಗ್ ಹೋಗ್ತೀಯ? ಎಲ್ಲಿಗೆ ಅಂತನಾದ್ರೂ ಹೇಳು."

ಅವಳು ಅವನ ಕೈಯನ್ನು ನೋಡಿದಳು, ಅಂಟಿನಿಂದ ಕಪ್ಪಾದ ಬೆರಳುಗಳನ್ನು, ಬೆರಳುಗಳ ನಡುವೆ ಇನ್ನೂ ಸಿಕ್ಕಿಕೊಂಡಿದ್ದ ಪಿನ್ನನ್ನು. "ನಿಂಗೂ ಗೊತ್ತಾಗೋದು ಬೇಡ," ಎಂದಳು. ಅವನನ್ನು ಸುತ್ತಿ, ಗೋಡೆಯ ಕಡೆಯಿಂದ, ಸೆರಗು ತಾಗದ ಹಾಗೆ ಇಳಿದುಹೋದಳು. ಬರಿಗಾಲಿಗೆ ಸದ್ದಿರಲಿಲ್ಲ. ಒಂದೊಂದೇ ಬಾಗಿಲು ಮುಚ್ಚತೊಡಗಿತು, ನೋಡಬೇಕಾದದ್ದು ಮುಗಿಯಿತೆಂಬಂತೆ.

ಮೆಟ್ಟಿಲ ತಿರುವಿನಲ್ಲಿ ಬೀದಿಗೆ ತೆರೆಯುವ ಒಂದು ಕಿಟಕಿ ಇತ್ತು. ಅದರಲ್ಲಿ ಬಗ್ಗಿದರೆ ಕಟ್ಟಡದ ಬಾಗಿಲು, ಎಡಕ್ಕೆ ಬಸ್ಸು ನಿಲ್ಲುವ ಜಾಗ, ಬಲಕ್ಕೆ ರೈಲು ಹಳಿಯತ್ತ ಹೋಗುವ ಸಂದಿ, ಎಲ್ಲ ಕಾಣುತ್ತಿತ್ತು. ಅವನು ಅಲ್ಲಿಗೆ ಜಿಗಿದೇಬಿಟ್ಟಿದ್ದ, ಗಾಜಿಗೆ ಹಣೆ ತಾಗುವಷ್ಟು. ಕೆಳಗೆ ಬೀದಿಬಾಗಿಲು ಕಿರುಗುಟ್ಟಿತು. ಈಗ ಹೊರಗೆ ಬರುತ್ತಾಳೆ. ಕೈಯಲ್ಲಿ ಬಿಡಿಗಾಸಿಲ್ಲ, ಕಾಲಿಗೆ ಚಪ್ಪಲಿಯಿಲ್ಲ, ಎಡಕ್ಕೋ ಬಲಕ್ಕೋ. ಅಷ್ಟು ಗೊತ್ತಾದರೆ ಸಾಕು, ಹಿಂದೆ ಓಡಬಹುದು, ದೂರದಿಂದಲಾದರೂ ಕಾಯಬಹುದು. ಮೇಲಿನಿಂದ ಭಾವನ ಹೆಜ್ಜೆ ಇಳಿಯುತ್ತಿತ್ತು, ಅವಸರವಿಲ್ಲದ, ಮೆತ್ತನೆಯ ಮನೆಚಪ್ಪಲಿಯ ಹೆಜ್ಜೆ.

ಅವಳು ಕಣ್ಣಿಗೆ ಬೀಳುವ ಮೊದಲೇ ಅವನು ತಿರುಗಿದ. ಕಿಟಕಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದು ನಿಂತ. ಬೆನ್ನಿಗೆ ಗಾಜಿನ ಬಿಸಿಲು ತಾಗಿತು.

"ಯಾವ ಕಡೆ ಹೋದ್ಲೋ?" ಎಂದ ಭಾವ, ಇನ್ನೂ ನಗುತ್ತ, ಮೇಲಿನ ಮೆಟ್ಟಿಲಲ್ಲಿ ನಿಂತು.

"ನೋಡ್ಲಿಲ್ಲ," ಎಂದ ಅವನು.